ನಾವು ಮೇಯರ್‌ಗೆ ಓಟು ಹಾಕಿಯೇ ಇಲ್ಲ, ಮತ್ತೆ ಅವರು ಮೇಯರ್ ಆಗಿದ್ದು ಹೇಗೆ?

ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಪರಿಚಯದ ಒಬ್ಬ ಕಾಕೂ, ಅಂದರೆ ಚಿಕ್ಕಮ್ಮ, ಇದ್ದಾರೆ. ಮನೆಯಲ್ಲಿ ಎರಡು ಮಗ್ಗ. ಜೋರು ಮಳೆ ಬಂದರೆ ಅವರ ಓಣಿಯ ಗಟಾರ ತುಂಬಿ ನೀರು ಹೊಸ್ತಿಲಿಗೆ ಬರುತ್ತದೆ. ಪೇಪರ್‌ನಲ್ಲಿ ಹೊಸ ಮೇಯರ್ ಫೋಟೋ ನೋಡಿ ಅವರು ನನ್ನನ್ನು ಕೇಳಿದರು: "ನಾವಂತೂ ಮೇಯರ್‌ಗೆ ಓಟ್ ಹಾಕಿಲ್ಲಲ್ಲೋ ತಮ್ಮಾ. ಮತ್ತ ಇವ್ರು ಹೆಂಗ ಆದ್ರು? ಹ್ವಾದ ವರ್ಷ ಬ್ಯಾರೇದವ್ರಿದ್ರಲ್ಲ, ಅವ್ರೆಲ್ಲಿ ಹ್ವಾದ್ರು?"

ಎರಡೂ ಒಳ್ಳೆಯ ಪ್ರಶ್ನೆಗಳು. ಬೆಳಗಾವಿಯಲ್ಲಿ 2023, 2024, 2025 ಹೀಗೆ ಮೂರು ವರ್ಷದಲ್ಲಿ ಮೂವರು ಮೇಯರ್ ಬಂದರು. ಊರಿನ ಮೊದಲ ಪ್ರಜೆ ಎಂದು ಕರೆಸಿಕೊಳ್ಳುವವರು ಎಲ್ಲಿಂದ ಬರುತ್ತಾರೆ, ಹೇಗೆ ಮೇಲೇರುತ್ತಾರೆ, ಆ ಕುರ್ಚಿಯಲ್ಲಿ ಕೂತು ಏನು ಮಾಡಬಲ್ಲರು ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ನೋಡೋಣ.

ಮೊದಲು ಹೆಸರುಗಳು

ಮೇಯರ್‌ಗೆ ಕನ್ನಡದಲ್ಲಿ ಮಹಾಪೌರ ಎನ್ನುತ್ತಾರೆ. ಮರಾಠಿಯಲ್ಲೂ ಅದೇ ಪದ. ಪೌರ ಎಂದರೆ ಪುರದಲ್ಲಿ ಇರುವವನು, ಊರಿನವನು. ಬೆಳಗ್ಗೆ ನಮ್ಮ ಓಣಿ ಗುಡಿಸುವ ಪೌರಕಾರ್ಮಿಕರ ಹೆಸರಿನಲ್ಲೂ ಅದೇ ಪೌರ ಇದೆ. ಊರಿನವರಲ್ಲಿ ಹಿರಿಯ ಸ್ಥಾನದಲ್ಲಿ ಕೂತವರು ಮಹಾಪೌರರು, ಊರಿಗಾಗಿ ದುಡಿಯುವವರು ಪೌರಕಾರ್ಮಿಕರು. ನನಗೆ ಈ ನಂಟು ಬಹಳ ಇಷ್ಟ.

ಮೇಯರ್ ಇರುವುದು ಮಹಾನಗರ ಪಾಲಿಕೆ ಇರುವ ಊರಲ್ಲಿ ಮಾತ್ರ. ಬೆಳಗಾವಿ ಮತ್ತು ವಿಜಯಪುರದಲ್ಲಿ ಪಾಲಿಕೆ ಇದೆ. ನಗರಸಭೆ ಇರುವ ಊರಲ್ಲಿ ಅದೇ ಸ್ಥಾನಕ್ಕೆ ಅಧ್ಯಕ್ಷ ಎನ್ನುತ್ತಾರೆ. ಬಾಗಲಕೋಟೆಯವರಿಗೆ ರೂಢಿಯಾಗಿರುವುದು ನಗರಸಭೆ ಅಧ್ಯಕ್ಷರು ಅನ್ನುವ ಮಾತೇ. ಎರಡಕ್ಕೂ ಕಾನೂನು ಬೇರೆ. ಬೆಂಗಳೂರು ಬಿಟ್ಟು ಉಳಿದ ಪಾಲಿಕೆಗಳು ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ.

ವಾರ್ಡಿನಿಂದ ಗೆದ್ದು ಬಂದವರು ಪಾಲಿಕೆ ಸದಸ್ಯರು. ಕಾರ್ಪೊರೇಟರ್ ಎಂದರೂ ಅವರೇ. ನಮ್ಮ ಬೆಳಗಾವಿಯಲ್ಲಿ ನಗರಸೇವಕ ಎನ್ನುವ ಹೆಸರೇ ಜಾಸ್ತಿ ಬಳಕೆಯಲ್ಲಿದೆ.

ಗಲ್ಲಿಯಲ್ಲೇ ಶುರು

ಮೇಯರ್ ಆಗುವವರ ಪಯಣ ಹೆಚ್ಚಾಗಿ ಒಂದು ಗಲ್ಲಿಯಿಂದ ಶುರುವಾಗುತ್ತದೆ. ಗಣೇಶೋತ್ಸವ ಮಂಡಳದಲ್ಲಿ ವಂತಿಗೆ ಪುಸ್ತಕ ಹಿಡಿದು ಮನೆಮನೆ ತಿರುಗಿದವರು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದವರು, ಗರಡಿಮನೆಯ ಹುಡುಗರನ್ನು ಕಟ್ಟಿಕೊಂಡವರು, ಚುನಾವಣೆಯಲ್ಲಿ ಯಾವುದೋ ಪಕ್ಷದ ಬೂತಿನಲ್ಲಿ ಕೂತು ಚೀಟಿ ಕೊಟ್ಟವರು. ರೇಷನ್ ಕಾರ್ಡ್ ಮಾಡಿಸಿಕೊಡುವುದು, ಪಿಂಚಣಿ ಅರ್ಜಿ ಬರೆದುಕೊಡುವುದು, ರಾತ್ರಿ ಯಾರನ್ನೋ ಆಸ್ಪತ್ರೆಗೆ ಸೇರಿಸುವುದು. ಇಂಥ ಕೆಲಸ ಹತ್ತು ವರ್ಷ ಮಾಡಿದವರ ಮುಖ ಇಡೀ ವಾರ್ಡಿಗೆ ಗೊತ್ತಿರುತ್ತದೆ.

ಮುಖ ಪರಿಚಯ ಯಾಕೆ ಅಷ್ಟು ಮುಖ್ಯ? ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.9 ಲಕ್ಷ. ವಾರ್ಡುಗಳು 58. ಅಂದರೆ ಒಂದು ವಾರ್ಡಿಗೆ ಸರಾಸರಿ 8,400 ಜನ. ಮಕ್ಕಳನ್ನು ಬಿಟ್ಟರೆ ಮತದಾರರು ಇನ್ನೂ ಕಡಿಮೆ. ಅವರಲ್ಲೂ ಮತಗಟ್ಟೆಗೆ ಬರುವವರು ಇನ್ನೂ ಕಡಿಮೆ. ವಿಧಾನಸಭೆ ಚುನಾವಣೆಯಲ್ಲಿ ಒಂದು ಅಲೆ ಎದ್ದರೆ ಹೆಸರೇ ಗೊತ್ತಿಲ್ಲದವರೂ ಗೆದ್ದುಬಿಡಬಹುದು. ವಾರ್ಡಿನಲ್ಲಿ ನಾಲ್ಕು ದೊಡ್ಡ ಮನೆತನ, ಎರಡು ಓಣಿ ತಿರುಗಿ ಕೂತರೆ ಫಲಿತಾಂಶವೇ ಬದಲಾಗುತ್ತದೆ.

ಸ್ಪರ್ಧಿಸಲು 21 ವರ್ಷ ತುಂಬಿರಬೇಕು, ಆ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವ ದೆಹಲಿಯ ಆಯೋಗವೇ ಬೇರೆ, ಇದೇ ಬೇರೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕ್ಯಾಂಪ್ ಪ್ರದೇಶದಲ್ಲಿ ಇರುವವರು ಪಾಲಿಕೆಗೆ ಓಟು ಹಾಕುವುದಿಲ್ಲ. ಅದು ದಂಡು ಮಂಡಳಿಯ, ಅಂದರೆ ಕಂಟೋನ್ಮೆಂಟ್ ಬೋರ್ಡಿನ ಹದ್ದು. ಬ್ರಿಟಿಷರ ಕಾಲದಿಂದ ಹಾಗೇ ಬಂದಿದೆ. ಒಂದೇ ರಸ್ತೆಯಲ್ಲಿ ನಡೆದು ಹೋಗುತ್ತಾ ನೀವು ಮೇಯರ್ ಹದ್ದು ದಾಟಿ ಹೋಗಿರುತ್ತೀರಿ, ಗೊತ್ತೇ ಆಗುವುದಿಲ್ಲ.

ಭಾಷೆಯ ಗುಂಪಿನಿಂದ ಪಕ್ಷದ ಚಿಹ್ನೆಗೆ

ಬೇರೆ ಊರಿನ ಪಾಲಿಕೆಗೂ ಬೆಳಗಾವಿಗೂ ಒಂದು ದೊಡ್ಡ ವ್ಯತ್ಯಾಸವಿತ್ತು. ಇಲ್ಲಿ ದಶಕಗಳ ಕಾಲ ಪಾಲಿಕೆ ಚುನಾವಣೆ ಪಕ್ಷದ ಮೇಲೆ ನಡೆಯಲಿಲ್ಲ, ಭಾಷೆಯ ಮೇಲೆ ನಡೆಯಿತು. ಒಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಬೆಂಬಲಿಸಿದ ಮರಾಠಿ ಗುಂಪು, ಇನ್ನೊಂದು ಕಡೆ ಕನ್ನಡ ಮತ್ತು ಉರ್ದು ಮಾತನಾಡುವ ಸದಸ್ಯರ ಗುಂಪು. ಹೆಚ್ಚು ವರ್ಷ ಮರಾಠಿ ಗುಂಪಿನ ಕೈಯಲ್ಲೇ ಮೇಯರ್ ಸ್ಥಾನ ಇತ್ತು. ಸಿದ್ದನಗೌಡ ಪಾಟೀಲರು ಮೊದಲ ಕನ್ನಡ ಮೇಯರ್ ಆದಾಗ ಅದು ಇಡೀ ರಾಜ್ಯಕ್ಕೆ ಸುದ್ದಿಯಾಗಿತ್ತು.

2021ರ ಸೆಪ್ಟೆಂಬರ್ 3ರ ಚುನಾವಣೆಯಲ್ಲಿ ಪಕ್ಷಗಳು ಮೊದಲ ಬಾರಿಗೆ ತಮ್ಮ ಚಿಹ್ನೆಯ ಮೇಲೆ ಕಣಕ್ಕಿಳಿದವು. 58ರಲ್ಲಿ ಬಿಜೆಪಿ 35 ಗೆದ್ದಿತು, ಕಾಂಗ್ರೆಸ್ 10. ಉಳಿದವು ಪಕ್ಷೇತರರಿಗೆ ಮತ್ತು ಇತರರಿಗೆ ಹೋದವು.

ಇದರಿಂದ ಮೇಯರ್ ಆಗುವ ದಾರಿಯೇ ಬದಲಾಯಿತು. ಮೊದಲು ಗುಂಪಿನ ಹಿರಿಯರನ್ನು ಒಪ್ಪಿಸಿದರೆ ಸಾಕಿತ್ತು. ಈಗ ಟಿಕೆಟ್ ಬೇಕು. ಟಿಕೆಟ್‌ಗೆ ಶಾಸಕರ ಒಲವು ಬೇಕು, ಪಕ್ಷದ ಜಿಲ್ಲಾ ಸಮಿತಿಯ ಒಪ್ಪಿಗೆ ಬೇಕು. ಹಾಗಂತ ಭಾಷೆ ಮಾಯವಾಗಿಲ್ಲ. 2023ರಲ್ಲಿ ಮೇಯರ್ ಆದ ಶೋಭಾ ಸೋಮನಾಚೆ, ಉಪಮೇಯರ್ ಆದ ರೇಷ್ಮಾ ಪಾಟೀಲ ಇಬ್ಬರೂ ಮರಾಠಿ ಮನೆಮಾತಿನವರು, ಬಿಜೆಪಿ ಸದಸ್ಯರು.

ಗೆದ್ದರೂ ಕೂರಲು ಜಾಗವಿಲ್ಲ

ಈಗ ಕಾಕೂ ಅವರ ಪ್ರಶ್ನೆಗೆ ಬರೋಣ. ನಾವು ನಗರಸೇವಕರನ್ನು ಆರಿಸುತ್ತೇವೆ. ಅವರು ತಮ್ಮೊಳಗಿನ ಒಬ್ಬರನ್ನು ಮೇಯರ್ ಎಂದು ಆರಿಸುತ್ತಾರೆ. ಪತ್ತಿನ ಸೊಸೈಟಿ ನೋಡಿದ್ದೀರಲ್ಲ, ಅದೇ ರೀತಿ. ಷೇರುದಾರರು ನಿರ್ದೇಶಕರನ್ನು ಆರಿಸುತ್ತಾರೆ, ನಿರ್ದೇಶಕರು ಸೇರಿ ಚೇರ್ಮನ್‌ರನ್ನು ಮಾಡುತ್ತಾರೆ.

ಆದರೆ ಈ ಎರಡು ಚುನಾವಣೆಗಳ ನಡುವೆ ಎಷ್ಟು ದಿನ ಹೋಗಬಹುದು ಗೊತ್ತಾ? 2021ರ ಸೆಪ್ಟೆಂಬರ್‌ನಲ್ಲಿ ಗೆದ್ದವರು ತಮ್ಮ ಮೊದಲ ಮೇಯರ್ ಅನ್ನು ಆರಿಸಿದ್ದು 2023ರ ಫೆಬ್ರವರಿ 6ರಂದು. 17 ತಿಂಗಳು! ಅದಕ್ಕೂ ಮೊದಲು, 2019ರ ವಸಂತದಲ್ಲಿ ಹಿಂದಿನ ಕೌನ್ಸಿಲ್, ಅಂದರೆ ನಗರಸೇವಕರ ಸಭೆಯ ಅವಧಿ ಮುಗಿದಿತ್ತು. ಲೆಕ್ಕ ಹಾಕಿದರೆ ಸುಮಾರು ನಾಲ್ಕು ವರ್ಷ ಬೆಳಗಾವಿಗೆ ಮೇಯರ್ ಇರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಎಲ್ಲ. 2019ರ ಆಗಸ್ಟ್ ಮಹಾಮಳೆ ಬಂತು, 2020ರಲ್ಲಿ ಕೊರೋನಾ ಬಂತು. ಊರಿಗೆ ತನ್ನ ಸಭೆ ಜಾಸ್ತಿ ಬೇಕಾಗಿದ್ದ ದಿನಗಳಲ್ಲೇ ಸಭಾಂಗಣ ಖಾಲಿ ಇತ್ತು. ಇದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ವಿಜಯಪುರದಲ್ಲೂ ಇದೇ ಕಥೆ. ಅಲ್ಲಿ 2022ರ ಅಕ್ಟೋಬರ್‌ನಲ್ಲಿ ಚುನಾವಣೆ ಆಯಿತು. ಮೇಯರ್ ಆಯ್ಕೆ ಆಗಿದ್ದು 2024ರ ಜನವರಿಯಲ್ಲಿ.

ಇಲ್ಲಿ ಸಂವಿಧಾನದ ಒಂದು ಅಂಶ ತಿಳಿದಿರಲಿ. ನಗರ ಸಂಸ್ಥೆಯ ಐದು ವರ್ಷದ ಅವಧಿ ಎಣಿಕೆ ಶುರುವಾಗುವುದು ಮೊದಲ ಸಭೆಗೆ ಗೊತ್ತು ಮಾಡಿದ ದಿನದಿಂದ, ಫಲಿತಾಂಶದ ದಿನದಿಂದಲ್ಲ. ಹಾಗಾಗಿ ಕಾದ ತಿಂಗಳುಗಳು ಸದಸ್ಯರ ಅವಧಿಯಿಂದ ಕಳೆದುಹೋಗುವುದಿಲ್ಲ. ಅವು ಕಳೆದುಹೋಗುವುದು ನಮ್ಮ ಲೆಕ್ಕದಿಂದ.

ಪಾಳಿ ನೀರು ಇದ್ದಂತೆ ಮೀಸಲಾತಿ

ಹೀಗೆ ತಡವಾಗಲು ರಾಜ್ಯದ ಅನೇಕ ಊರುಗಳಲ್ಲಿ ಕಾರಣವಾಗಿದ್ದು ಒಂದು ಪಟ್ಟಿ. ಮೇಯರ್ ಮತ್ತು ಉಪಮೇಯರ್ ಸ್ಥಾನ ಈ ಸಲ ಯಾವ ವರ್ಗಕ್ಕೆ ಎಂದು ಸರ್ಕಾರ ಹೊರಡಿಸುವ ಮೀಸಲಾತಿ ಪಟ್ಟಿ. ಅದರ ಮೇಲೆ ತಕರಾರು ಎದ್ದು ಕೋರ್ಟಿಗೆ ಹೋದರೆ ಎಲ್ಲ ನಿಲ್ಲುತ್ತದೆ.

ಈ ಪಟ್ಟಿಯನ್ನು ಅರ್ಥ ಮಾಡಿಕೊಳ್ಳಲು ಕಾಲುವೆ ನೀರಿನ ಪಾಳಿ ನೆನಪಿಸಿಕೊಳ್ಳಿ. ಎಲ್ಲ ಹೊಲಕ್ಕೂ ಒಂದೇ ದಿನ ನೀರು ಬಿಡಲು ಆಗುವುದಿಲ್ಲ. ಈ ದಿನ ಇವರ ಪಾಳಿ, ನಾಳೆ ಅವರ ಪಾಳಿ. ಮೇಯರ್ ಸ್ಥಾನವೂ ಹಾಗೆಯೇ ರಾಜ್ಯದ ಪಾಲಿಕೆಗಳಲ್ಲಿ ಸುತ್ತುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎ, ಹಿಂದುಳಿದ ವರ್ಗ ಬಿ, ಸಾಮಾನ್ಯ. ಇವುಗಳಲ್ಲಿ ಮತ್ತೆ ಮಹಿಳೆಯರ ಪಾಲು. ಹಾಗೆ ನೋಡಿದರೆ ವಾರ್ಡುಗಳಿಗೂ ಇದೇ ರೀತಿಯ ಮೀಸಲಾತಿ ಇದೆ. ಅದಕ್ಕೇ ಒಂದು ಚುನಾವಣೆಯಲ್ಲಿ ನಿಂತವರು ಮುಂದಿನ ಸಲ ಅದೇ ವಾರ್ಡಿನಲ್ಲಿ ನಿಲ್ಲಲು ಆಗದೆ, ಪಕ್ಕದ ವಾರ್ಡ್ ಹುಡುಕುತ್ತಾರೆ, ಇಲ್ಲವೇ ಮನೆಯ ಹೆಣ್ಣುಮಕ್ಕಳನ್ನು ನಿಲ್ಲಿಸುತ್ತಾರೆ.

ಈ ಪಾಳಿ ರಾಜಕೀಯ ಬದುಕನ್ನು ಹೇಗೆ ತಿರುಗಿಸುತ್ತದೆ ಎನ್ನುವುದಕ್ಕೆ 2018ರ ಬೆಳಗಾವಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಗ ಕೌನ್ಸಿಲ್‌ನಲ್ಲಿ ಬಹುಮತ ಇದ್ದದ್ದು ಮರಾಠಿ ಗುಂಪಿಗೆ. ಆ ವರ್ಷ ಮೇಯರ್ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಬಹುಮತದ ಗುಂಪಿನಲ್ಲಿ ಆ ವರ್ಗದ ಸದಸ್ಯರೇ ಇರಲಿಲ್ಲ. ಕನ್ನಡ ಗುಂಪಿನಲ್ಲಿದ್ದ ಬಸಪ್ಪ ಚಿಕ್ಕಲದಿನ್ನಿ ಮೇಯರ್ ಆದರು. ಸಂಖ್ಯೆ ಒಂದು ಕಡೆ, ಕುರ್ಚಿ ಇನ್ನೊಂದು ಕಡೆ.

2024ರಲ್ಲಿ ಪಾಳಿ ಪರಿಶಿಷ್ಟ ಜಾತಿ ಮಹಿಳೆಗೆ ಬಂತು. ಸವಿತಾ ಕಾಂಬಳೆ ಅವಿರೋಧವಾಗಿ ಆಯ್ಕೆಯಾದರು. ಮೀಸಲಾತಿ ಇಲ್ಲದಿದ್ದರೆ ಕುರ್ಚಿ ಮತ್ತೆ ಮತ್ತೆ ಹಣವಿದ್ದ, ಹೆಸರಿದ್ದ ಕೆಲವೇ ಮನೆಗಳ ಸುತ್ತ ತಿರುಗುತ್ತಿತ್ತು ಎಂದು ನಾನು ನಂಬುತ್ತೇನೆ.

ಒಂದು ಮಾತು ನಿಜ. ಪಾಳಿ ಬಂದಾಗ ನೀವು ಹೊಲದಲ್ಲಿ ಇರಬೇಕು. ಇಪ್ಪತ್ತು ವರ್ಷ ದುಡಿದ ಹಿರಿಯ ಸದಸ್ಯರ ವರ್ಗಕ್ಕೆ ಅವರ ಅವಧಿಯಲ್ಲಿ ಪಾಳಿ ಬರದೇ ಹೋಗಬಹುದು. ಮೊದಲ ಸಲ ಗೆದ್ದವರಿಗೆ ಮೊದಲ ವರ್ಷವೇ ಬರಬಹುದು.

ಕೈ ಎತ್ತುವ ದಿನ

ಮೇಯರ್ ಚುನಾವಣೆ ನಡೆಸುವವರು ಪ್ರಾದೇಶಿಕ ಆಯುಕ್ತರು. ಬೆಳಗಾವಿ, ವಿಜಯಪುರ ಎರಡೂ ಬೆಳಗಾವಿ ವಿಭಾಗದಲ್ಲೇ ಬರುವುದರಿಂದ ಎರಡು ಕಡೆಯೂ ಇದೇ ಅಧಿಕಾರಿಯ ಹೊಣೆ. ಗುಪ್ತ ಮತದಾನ ಇಲ್ಲ. ಹೆಸರು ಕೂಗುತ್ತಾರೆ, ಒಪ್ಪುವವರು ಕೈ ಎತ್ತುತ್ತಾರೆ, ಎಣಿಸುತ್ತಾರೆ.

ಕೈ ಎತ್ತುವವರು ನಗರಸೇವಕರು ಮಾತ್ರವಲ್ಲ. ಆ ನಗರಕ್ಕೆ ಸಂಬಂಧಪಟ್ಟ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಇಲ್ಲಿ ಮತವಿದೆ. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರು ಸಭೆಯಲ್ಲಿ ಕೂರಬಹುದು, ಆದರೆ ಮತ ಇಲ್ಲ.

ಶಾಸಕರ ಕೈಯಿಂದ ಏನಾಗುತ್ತದೆ? ವಿಜಯಪುರ ನೋಡಿ. ಅಲ್ಲಿ 35 ವಾರ್ಡ್. ಬಿಜೆಪಿ 17 ಗೆದ್ದು ದೊಡ್ಡ ಪಕ್ಷವಾಯಿತು. ಕಾಂಗ್ರೆಸ್‌ಗೆ ಬಂದದ್ದು 10. ಸದಸ್ಯರ ಅರ್ಧಕ್ಕಿಂತ ಹೆಚ್ಚು ಎಂದರೆ 18, ಬಿಜೆಪಿಗೆ ಒಂದೇ ಒಂದು ಕಡಿಮೆ! ಆದರೂ 2024ರ ಜನವರಿಯಲ್ಲಿ ಮೇಯರ್ ಆದವರು ಕಾಂಗ್ರೆಸ್‌ನ ಮೆಹಜಬೀನ್ ಹೊರ್ತಿ. ವಾರ್ಡಿನಲ್ಲಿ ಗೆದ್ದವರ ಸಂಖ್ಯೆಯ ಜೊತೆಗೆ ಪಕ್ಷೇತರರು ಎತ್ತ ವಾಲುತ್ತಾರೆ, ಮೇಲಿನ ಸದನಗಳ ಪ್ರತಿನಿಧಿಗಳು ಎಷ್ಟು ಜನ ಪಟ್ಟಿಯಲ್ಲಿದ್ದಾರೆ ಎಂಬುದೂ ಸೇರಿ ಅಂತಿಮ ಲೆಕ್ಕ ಆಗುತ್ತದೆ.

ಪಕ್ಷದ ಸದಸ್ಯ ವಿರುದ್ಧವಾಗಿ ಕೈ ಎತ್ತಿದರೆ? ಪಕ್ಷಗಳು ವಿಪ್ ಕೊಡುತ್ತವೆ, ಅಂದರೆ ಹೀಗೇ ಮತ ಹಾಕು ಎಂಬ ಬರಹದ ಆದೇಶ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ತಡೆಗೆ ರಾಜ್ಯದಲ್ಲಿ 1987ರಿಂದಲೇ ಕಾಯ್ದೆ ಇದೆ. ಮುರಿದವರು ಸದಸ್ಯತ್ವ ಕಳೆದುಕೊಳ್ಳಬಹುದು.

ಗೌನು ಇವರದು, ಕೀಲಿಕೈ ಅವರದು

ಮೇಯರ್ ಆದ ದಿನ ಹಾರ, ಗುಲಾಲು, ಪಟಾಕಿ. ಮರುದಿನ ಬೆಳಗ್ಗೆ ಮನೆ ಮುಂದೆ ಜನ. ಒಬ್ಬರಿಗೆ ನೀರು, ಒಬ್ಬರಿಗೆ ರಸ್ತೆ, ಒಬ್ಬರಿಗೆ ಬೀದಿದೀಪ. ಎಲ್ಲರೂ ಮೇಯರ್ ಹೇಳಿದರೆ ಸಾಕು ಎಂದುಕೊಂಡೇ ಬಂದಿರುತ್ತಾರೆ.

ನಿಜ ಸಂಗತಿ ಬೇರೆ. ಹಳೆಯ ಕೂಡುಕುಟುಂಬ ನೆನಪಿಸಿಕೊಳ್ಳಿ. ಪಡಸಾಲೆಯಲ್ಲಿ ಹಿರಿಯರು ಕೂತು ಮಾತುಕತೆ ನಡೆಸುತ್ತಾರೆ, ಎಲ್ಲರ ಮಾತು ಕೇಳಿ ಹೀಗಾಗಲಿ ಎನ್ನುತ್ತಾರೆ. ಆದರೆ ತಿಜೋರಿಯ ಕೀಲಿಕೈ ಗೊಂಚಲು ಇನ್ನೊಬ್ಬರ ಸೊಂಟದಲ್ಲಿರುತ್ತದೆ. ಪಾಲಿಕೆಯಲ್ಲಿ ಆ ಗೊಂಚಲು ಇರುವುದು ಆಯುಕ್ತರ ಹತ್ತಿರ. ಆಯುಕ್ತರು ಸರ್ಕಾರ ನೇಮಿಸುವ ಅಧಿಕಾರಿ. ಟೆಂಡರ್ ಕರೆಯುವುದು, ಬಿಲ್ ಪಾಸು ಮಾಡುವುದು, ಸಿಬ್ಬಂದಿಗೆ ಕೆಲಸ ಹಂಚುವುದು, ನೋಟಿಸ್ ಕೊಡುವುದು ಎಲ್ಲ ಅವರ ಸಹಿಯಿಂದ.

ಹಾಗಾದರೆ ಮೇಯರ್‌ಗೆ ಏನಿದೆ? ಕೌನ್ಸಿಲ್ ಸಭೆಯ ಅಧ್ಯಕ್ಷತೆ ಇದೆ. ಸಭೆ ಕರೆಯುವುದು, ಯಾವ ವಿಷಯ ಎತ್ತಿಕೊಳ್ಳಬೇಕು, ಯಾರಿಗೆ ಎಷ್ಟು ಹೊತ್ತು ಮಾತು ಎಂಬುದೆಲ್ಲ ಅಲ್ಲಿಂದ ನಡೆಯುತ್ತದೆ. ವರ್ಷದ ಬಜೆಟ್ ಒಪ್ಪಬೇಕಾದುದು ಈ ಸಭೆ. ಅಧಿಕಾರಿಗಳನ್ನು ಎದ್ದು ನಿಲ್ಲಿಸಿ, ಈ ಕೆಲಸ ಯಾಕೆ ಆಗಿಲ್ಲ ಎಂದು ಊರಿನ ಪರವಾಗಿ ಕೇಳುವ ಜಾಗವೂ ಇದೇ. ಗಟ್ಟಿ ಮೇಯರ್ ಇದ್ದರೆ ಈ ಒಂದು ಅಧಿಕಾರದಿಂದಲೇ ಬಹಳ ಕೆಲಸ ತೆಗೆಯಬಹುದು.

ಇನ್ನೊಂದು ತೊಡಕಿದೆ. ಊರಿನ ಎಲ್ಲ ಕೆಲಸವೂ ಪಾಲಿಕೆಯ ಕೈಯಲ್ಲಿಲ್ಲ. ಕರೆಂಟ್ ಹೋದರೆ ಹೆಸ್ಕಾಂ. ಹೊಸ ಬಡಾವಣೆ ಬೇಕೆಂದರೆ ಬುಡಾ, ಅಂದರೆ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ. 2016ರ ಜನವರಿಯಲ್ಲಿ ಬೆಳಗಾವಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಬಂತಲ್ಲ, ಆ ಯೋಜನೆಯ ರಸ್ತೆ, ಬಸ್ ತಂಗುದಾಣ, ಉದ್ಯಾನ ಮಾಡಿಸಿದ್ದು ಅದಕ್ಕಾಗಿಯೇ ಕಟ್ಟಿದ ಬೇರೆ ಕಂಪನಿ. ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ಬರುವ ನೀರಿನ ಯೋಜನೆಯಲ್ಲೂ ರಾಜ್ಯಮಟ್ಟದ ಸಂಸ್ಥೆಗಳಿವೆ. ಪಾಲಿಕೆಗೆ ನೇರವಾಗಿ ಉಳಿಯುವುದು ಕಸ, ಗಟಾರ, ಒಳರಸ್ತೆ, ಬೀದಿದೀಪ, ಕಟ್ಟಡ ಪರವಾನಗಿ, ಅಂಗಡಿ ಲೈಸನ್ಸ್, ಆಸ್ತಿ ತೆರಿಗೆ. ತುರಮುರಿಯ ಕಸದ ಘಟಕಕ್ಕೆ ಹೋಗುವ ಪ್ರತಿ ಗಾಡಿಯ ಹೊಣೆ ಪಾಲಿಕೆಯದು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳ ಪಟ್ಟಿ ಮಾಡಿದೆ. ನೀರು, ನಗರ ಯೋಜನೆ ಎರಡೂ ಅದರಲ್ಲಿವೆ. ಆದರೆ ಎಷ್ಟು ಕೊಡಬೇಕು ಎಂದು ತೀರ್ಮಾನಿಸುವುದು ರಾಜ್ಯ.

ಕೆಲಸ ಕಲಿಯುವ ಕೋಣೆಗಳು

ಪೇಪರಿನಲ್ಲಿ ಜಾಸ್ತಿ ಬಾರದ, ಆದರೆ ತುಂಬಾ ಮುಖ್ಯವಾದ ಮೆಟ್ಟಿಲು ಸ್ಥಾಯಿ ಸಮಿತಿ. ಪಾಲಿಕೆಯಲ್ಲಿ ಇಂಥವು ನಾಲ್ಕು: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. 58 ಜನ ಕೂತು ಒಂದೊಂದೇ ಬಿಲ್ಲು ನೋಡಲು ಆಗುತ್ತದೆಯೇ? ಅದಕ್ಕೆ ಈ ಸಣ್ಣ ಗುಂಪುಗಳು. ಕಡತ ಓದುವುದು, ಯಾವ ಕೆಲಸಕ್ಕೆ ಎಷ್ಟು ಹಣ ಹೋಯಿತು ಎಂದು ಕೇಳುವುದು ಇಲ್ಲೇ ಕಲಿಯಬೇಕು. ಲೆಕ್ಕಪತ್ರ ಸಮಿತಿಯಲ್ಲಿ ಒಂದು ವರ್ಷ ಮನಸ್ಸಿಟ್ಟು ಕೂತ ಸದಸ್ಯ ಮುಂದೆ ಮೇಯರ್ ಆದರೆ ಅಧಿಕಾರಿಗಳು ಹೇಳಿದ್ದಕ್ಕೆಲ್ಲ ಸುಮ್ನೆ ತಲೆಯಾಡಿಸುವುದಿಲ್ಲ. ನನ್ನನ್ನು ಕೇಳಿದರೆ, ಮೇಯರ್ ಅಭ್ಯರ್ಥಿಯ ಬಗ್ಗೆ ತಿಳಿಯಬೇಕೆಂದರೆ ಅವರು ಯಾವ ಸಮಿತಿಯಲ್ಲಿದ್ದರು, ಸಭೆಗೆ ಬರುತ್ತಿದ್ದರೇ ಎಂದು ಮೊದಲು ನೋಡಬೇಕು.

ಕುರ್ಚಿ ಕೈತಪ್ಪುವ ದಾರಿಗಳು

ಸದಸ್ಯರು ಆಯ್ಕೆಯಾದ ಮೇಲೆ ಗೊತ್ತು ಮಾಡಿದ ಸಮಯದೊಳಗೆ ಆಸ್ತಿ ವಿವರ ಸಲ್ಲಿಸಬೇಕು. ಸಣ್ಣ ನಿಯಮ ಎನಿಸಬಹುದು. 2025ರ ಆರಂಭದಲ್ಲಿ ಇದೇ ಕಾರಣಕ್ಕೆ ವಿಜಯಪುರ ಪಾಲಿಕೆಯ ಎಲ್ಲ 35 ಸದಸ್ಯರ ಸದಸ್ಯತ್ವವನ್ನು ಪ್ರಾದೇಶಿಕ ಆಯುಕ್ತರು ರದ್ದು ಮಾಡಿದರು. ವಿಷಯ ಹೈಕೋರ್ಟಿಗೆ ಹೋಯಿತು. ಪಾಲಿಕೆಯ ಗುತ್ತಿಗೆಯಲ್ಲಿ ಸದಸ್ಯರಿಗೆ ಸ್ವಂತ ಲಾಭ ಇದ್ದರೂ ಸದಸ್ಯತ್ವಕ್ಕೆ ಕುತ್ತು ಬರುತ್ತದೆ.

ಇಡೀ ಪಾಲಿಕೆಯನ್ನೇ ವಜಾ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಬೆಳಗಾವಿ ಇದನ್ನು ಎರಡು ಸಲ ಕಂಡಿದೆ. 2005ರಲ್ಲಿ ವಿಜಯ ಮೋರೆ ಮೇಯರ್ ಆಗಿದ್ದಾಗ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಕೌನ್ಸಿಲ್ ನಿರ್ಣಯ ಮಾಡಿತು, ಸರ್ಕಾರ ಪಾಲಿಕೆಯನ್ನು ವಜಾ ಮಾಡಿತು. 2011ರಲ್ಲಿ ಮತ್ತೊಮ್ಮೆ ಹಾಗಾಯಿತು.

ವರ್ಷ ಮುಗಿದ ಮೇಲೆ

ಕಾಕೂ ಅವರ ಎರಡನೇ ಪ್ರಶ್ನೆ: ಹೋದ ವರ್ಷದವರು ಎಲ್ಲಿ ಹೋದರು?

ಅವರು ಎಲ್ಲೂ ಹೋಗಿಲ್ಲ. ಮೇಯರ್ ಅವಧಿ ಒಂದು ವರ್ಷ, ಸದಸ್ಯತ್ವ ಐದು ವರ್ಷ. ಅವರು ಅದೇ ಸಭಾಂಗಣದಲ್ಲಿ ಸದಸ್ಯರ ಸಾಲಿನಲ್ಲಿ ಕೂತಿರುತ್ತಾರೆ, ತಮ್ಮ ವಾರ್ಡಿನ ಕೆಲಸ ಕೇಳುತ್ತಿರುತ್ತಾರೆ. ಒಂದು ವರ್ಷ ಎಂದರೆ ನಿಜಕ್ಕೂ ಬಹಳ ಕಡಿಮೆ. ಇಲಾಖೆಗಳ ಪರಿಚಯ ಆಗಲು ಮೂರು ತಿಂಗಳು, ಒಂದು ಬಜೆಟ್, ಒಂದು ಮಳೆಗಾಲ, ಒಂದು ಗಣಪತಿ ಹಬ್ಬ, ಅಷ್ಟರಲ್ಲಿ ಮುಂದಿನ ಪಾಳಿಯ ಮಾತು ಶುರು.

ಕೆಲವರು ಮುಂದಕ್ಕೂ ಹೋಗುತ್ತಾರೆ. ಹಿಂದೆ ಮೇಯರ್ ಆಗಿದ್ದ ಸಂಭಾಜಿ ಪಾಟೀಲ 2013ರಲ್ಲಿ ಬೆಳಗಾವಿ ದಕ್ಷಿಣದಿಂದ ಶಾಸಕರಾದರು. ಆದರೆ ಹೆಚ್ಚಿನವರ ಹೆಸರು ಪಾಲಿಕೆಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಉಳಿಯುತ್ತದೆ, ಮತ್ತು ಅವರ ಗಲ್ಲಿಯಲ್ಲಿ ಜನ ಕೊನೆಯವರೆಗೂ ಅವರನ್ನು ಮೇಯರ್ ಸಾಹೇಬ್ರೇ ಎಂದೇ ಕರೆಯುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಕಾಕೂ ಕೇಳಿದರು: "ಹಂಗಾದ್ರ ನಮ್ಮ ಗಟಾರದ್ದು ಯಾರಿಗೆ ಹೇಳ್ಬೇಕೋ?" ಮೊದಲು ನಿಮ್ಮ ನಗರಸೇವಕರಿಗೆ ಹೇಳಿ, ಜೊತೆಗೆ ಪಾಲಿಕೆಯ ಆರೋಗ್ಯ ನಿರೀಕ್ಷಕರಿಗೆ ಬರೆದು ಕೊಟ್ಟು ಸ್ವೀಕೃತಿ ಚೀಟಿ ಇಸಿದುಕೊಳ್ಳಿ ಎಂದೆ. ದೊಡ್ಡ ಕಾಮಗಾರಿ ಬೇಕಾದರೆ ಬಜೆಟ್‌ಗೆ ಮೊದಲೇ ಕೇಳಬೇಕು, ಮಳೆ ಬಂದ ಮೇಲೆ ಕೇಳಿದರೆ ಆ ವರ್ಷಕ್ಕೆ ಹಣ ಇರುವುದಿಲ್ಲ. ಅವರು ಮಗ್ಗದ ಪಕ್ಕದಲ್ಲಿದ್ದ ಕ್ಯಾಲೆಂಡರ್ ತೆಗೆದು, ಜನವರಿ ಪುಟದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಂಡರು.